ಮಕ್ಕಳ ಕಿಡ್ನಿ ಬಯಾಪ್ಸಿ: ಸೂಜಿಯ ಎಳೆ ವರದಿಯಾಗುವವರೆಗೆ

ಸೂಜಿಯಿಂದ ಹೊರಬರುವ ಕಿಡ್ನಿ ತುಣುಕು ನೋಡಲು ಬೇಯಿಸಿದ ಶಾವಿಗೆ ಎಳೆಯ ಹಾಗಿರುತ್ತದೆ. ಉದ್ದ ಹೆಚ್ಚೆಂದರೆ ಒಂದೂವರೆ ಸೆಂಟಿಮೀಟರ್, ದಪ್ಪ ಒಂದು ಮಿಲಿಮೀಟರ್‌ಗೂ ಕಡಿಮೆ. ಇಷ್ಟರಲ್ಲೇ ಮೂರು ಮೈಕ್ರೊಸ್ಕೋಪುಗಳಿಗೆ ಪಾಲು ಹಾಕಬೇಕು: ಸಾಮಾನ್ಯ ಬೆಳಕಿನದು, ಇಮ್ಯುನೊಫ್ಲೋರೆಸೆನ್ಸ್, ಎಲೆಕ್ಟ್ರಾನ್. ಮೂರಕ್ಕೂ ಬೇರೆ ಬೇರೆ ದ್ರಾವಣ. ಮಕ್ಕಳ ಬಯಾಪ್ಸಿಗಳು ಕೈಕೊಡುವುದು ಬಹುಪಾಲು ಓದುವ ಹಂತದಲ್ಲಲ್ಲ, ಎಳೆ ಹೊರಬಂದ ಮೊದಲ ಹತ್ತು ನಿಮಿಷದಲ್ಲಿ. ಅದಕ್ಕೇ ಈ ಬರಹದಲ್ಲಿ ಆ ಹತ್ತು ನಿಮಿಷಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇವೆ. ಇದು ಪೆಥಾಲಜಿ ಓದುತ್ತಿರುವವರಿಗೆ, ಲ್ಯಾಬ್ ಟೆಕ್ನೀಶಿಯನ್‌ಗಳಿಗೆ, ಬಯಾಪ್ಸಿ ಕಳಿಸುವ ಮಕ್ಕಳ ವೈದ್ಯರಿಗೆ ಬರೆದದ್ದು. ವರದಿ ಕೈಯಲ್ಲಿ ಹಿಡಿದು ಕೂತ ತಂದೆತಾಯಂದಿರು ಕೊನೆಯ ಎರಡು ಭಾಗಗಳನ್ನು ಮೊದಲು ಓದಬಹುದು.

ಯಾವ ಮಗುವಿಗೆ ಬೇಕು, ಯಾವ ಮಗುವಿಗೆ ಬೇಡ

ಬೆಳಿಗ್ಗೆ ಎದ್ದಾಗ ಕಣ್ಣಿನ ಸುತ್ತ ಊತ, ಮೂತ್ರದಲ್ಲಿ ನೊರೆ, ಪರೀಕ್ಷೆಯಲ್ಲಿ ಅಲ್ಬುಮಿನ್. ನಾಲ್ಕೈದು ವರ್ಷದ ಮಗು ಹೀಗೆ ಬಂದರೆ ಅದು ನೆಫ್ರೋಟಿಕ್ ಸಿಂಡ್ರೋಮ್. ಇಂಥ ಮಗುವಿಗೆ ಮೊದಲ ದಿನವೇ ಸೂಜಿ ಹಾಕುವುದಿಲ್ಲ. ಮಕ್ಕಳ ಕಿಡ್ನಿ ಕಾಯಿಲೆಗಳ ಅಂತರರಾಷ್ಟ್ರೀಯ ಅಧ್ಯಯನ ತಂಡ 1978ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಹೀಗೆ ಬಂದ 521 ಮಕ್ಕಳಲ್ಲಿ ನೂರಕ್ಕೆ 76 ಮಂದಿಗೆ ಇದ್ದದ್ದು ಮಿನಿಮಲ್ ಚೇಂಜ್ ಕಾಯಿಲೆ, ಅಂದರೆ ಬೆಳಕಿನ ಮೈಕ್ರೊಸ್ಕೋಪಿನಲ್ಲಿ ಕಿಡ್ನಿ ಸಹಜವಾಗಿಯೇ ಕಾಣುವ ಕಾಯಿಲೆ. ಅಂಥವರಲ್ಲಿ ನೂರಕ್ಕೆ 93 ಮಂದಿ ಎಂಟು ವಾರಗಳ ಸ್ಟೀರಾಯ್ಡ್‌ಗೆ ಗುಣ ಕಂಡರೆಂದು ಅದೇ ತಂಡ ಆಮೇಲೆ ವರದಿ ಮಾಡಿತು. ಔಷಧಿಯೇ ಉತ್ತರ ಹೇಳುವಾಗ ಸೂಜಿಯ ಅಗತ್ಯವಿಲ್ಲ. ದೇಹದ ಮೇಲ್ಮೈಯ ಪ್ರತಿ ಚದರ ಮೀಟರ್‌ಗೆ ದಿನಕ್ಕೆ 60 ಮಿಲಿಗ್ರಾಂ ಲೆಕ್ಕದಲ್ಲಿ ಆರು ವಾರ ಪ್ರೆಡ್ನಿಸೊಲೋನ್ ಕೊಟ್ಟೂ ಮೂತ್ರದ ಪ್ರೋಟೀನ್ ನಿಲ್ಲದಿದ್ದರೆ ಆಗ ಬಯಾಪ್ಸಿ.

ಆರು ವಾರ ಕಾಯದೆ ಮೊದಲೇ ಯೋಚಿಸಬೇಕಾದ ಸಂದರ್ಭಗಳೂ ಇವೆ. ಕಾಯಿಲೆ ಹನ್ನೆರಡು ವರ್ಷ ದಾಟಿದ ಮೇಲೆ ಶುರುವಾದರೆ, ಕಣ್ಣಿಗೆ ಕಾಣುವಷ್ಟು ರಕ್ತ ಮೂತ್ರದಲ್ಲಿ ಹೋದರೆ, ರಕ್ತದೊತ್ತಡ ಇಳಿಯದಿದ್ದರೆ, ಸಿ3 ಎಂಬ ರಕ್ತದ ರಕ್ಷಣಾ ಪ್ರೋಟೀನ್ ಕಡಿಮೆಯಿದ್ದರೆ, ಕಿಡ್ನಿ ಸೋಸಿ ಹೊರಹಾಕಬೇಕಾದ ಕ್ರಿಯಾಟಿನಿನ್ ರಕ್ತದಲ್ಲಿ ಏರುತ್ತಲೇ ಇದ್ದರೆ, ಕೀಲುನೋವು ಅಥವಾ ಮುಖದ ಮೇಲಿನ ಕೆಂಪು ದದ್ದು, ದೇಹದ ರಕ್ಷಣಾ ವ್ಯವಸ್ಥೆ ತನ್ನ ಮೇಲೇ ತಿರುಗಿಬೀಳುವ ಲೂಪಸ್ ಕಡೆ ಬೆರಳು ತೋರಿಸಿದರೆ ಮೊದಲೇ ಮಾಡುತ್ತಾರೆ. ಟ್ಯಾಕ್ರೊಲಿಮಸ್ ಅಥವಾ ಸೈಕ್ಲೊಸ್ಪೊರಿನ್ ಎರಡು ಮೂರು ವರ್ಷ ದಾಟಿ ಮುಂದುವರಿಯುವಾಗ, ಔಷಧಿಯೇ ಕಿಡ್ನಿಯನ್ನು ಕೆಡಿಸುತ್ತಿದೆಯೇ ಎಂದು ನೋಡಲೂ ಮಾಡುತ್ತಾರೆ.

ಗಂಟಲುನೋವು ಆದ ಒಂದೆರಡು ವಾರಕ್ಕೆ, ಅಥವಾ ಕಜ್ಜಿ, ಕುರು ಆದ ಮೂರರಿಂದ ಆರು ವಾರಕ್ಕೆ ಕಪ್ಪು ಚಹಾ ಬಣ್ಣದ ಮೂತ್ರ ಬಂದರೆ, ಅದು ಹೆಚ್ಚಾಗಿ ಸೋಂಕಿನ ನಂತರದ ನೆಫ್ರೈಟಿಸ್, ಅಂದರೆ ಕಿಡ್ನಿಯ ಉರಿಯೂತ. ಅದು ತಾನಾಗಿ ಇಳಿಯುತ್ತದೆ. ಸಿ3 ಎಂಟರಿಂದ ಹನ್ನೆರಡು ವಾರದಲ್ಲಿ ಮೊದಲಿನ ಮಟ್ಟಕ್ಕೆ ಬರಬೇಕು. ಬರದಿದ್ದರೆ, ಅಥವಾ ಅದಕ್ಕೂ ಮೊದಲೇ ಕ್ರಿಯಾಟಿನಿನ್ ದಿನದಿಂದ ದಿನಕ್ಕೆ ಏರಿದರೆ ಸೂಜಿ ಹಾಕಬೇಕು. ಒಂದು ವರ್ಷದೊಳಗಿನ ಕೂಸಿಗೆ ನೆಫ್ರೋಟಿಕ್ ಬಂದಿದ್ದರೆ ಜೀನ್ ಪರೀಕ್ಷೆ ಮುಂದೆ, ಬಯಾಪ್ಸಿ ಹಿಂದೆ. ಅಲ್ಲಿ ಕಾರಣ ಹೆಚ್ಚಾಗಿ ನೆಫ್ರಿನ್, ಪೊಡೊಸಿನ್, ಡಬ್ಲ್ಯುಟಿ1ನಂಥ ಜೀನ್‌ಗಳಲ್ಲಿ ಇರುತ್ತದೆ.

ಅರ್ಜಿ ಫಾರಂ: ಅರ್ಧ ರೋಗನಿರ್ಣಯ ಇಲ್ಲೇ

‘ನೆಫ್ರೋಟಿಕ್, ಬಯಾಪ್ಸಿ ನೋಡಿ’ ಎಂದಷ್ಟೇ ಬರೆದ ಫಾರಂ ಪೆಥಾಲಜಿಸ್ಟ್‌ನ ಕಣ್ಣು ಕಟ್ಟಿದ ಹಾಗೆ. ಕಿಡ್ನಿ ಗಾಯವಾದಾಗ ತೋರುವ ರೂಪಗಳು ಕೆಲವೇ, ಕಾರಣಗಳು ಹಲವು. ಒಂದೇ ರೂಪ ಐದು ಕಾಯಿಲೆಗಳಲ್ಲಿ ಕಾಣಬಹುದು. ಅವನ್ನು ಬೇರ್ಪಡಿಸುವುದು ಈ ವಿವರಗಳು: ವಯಸ್ಸು ತಿಂಗಳ ಲೆಕ್ಕದಲ್ಲಿ, ಕಾಯಿಲೆ ಎಂದು ಶುರುವಾಯಿತು, ರಕ್ತದೊತ್ತಡ, ಮೂತ್ರದ ಪ್ರೋಟೀನ್–ಕ್ರಿಯಾಟಿನಿನ್ ಅನುಪಾತ, ರಕ್ತದ ಅಲ್ಬುಮಿನ್, ಕ್ರಿಯಾಟಿನಿನ್, ಸಿ3 ಮತ್ತು ಸಿ4, ಲೂಪಸ್ ಪತ್ತೆಗೆ ನೋಡುವ ಎಎನ್‌ಎ, ಕೊಟ್ಟ ಔಷಧಿಗಳು ಮತ್ತು ಕೊಟ್ಟ ಅವಧಿ. ಮನೆಯಲ್ಲಿ ಯಾರಿಗಾದರೂ ಡಯಾಲಿಸಿಸ್ ಆಗಿದೆಯೇ, ತಾಯಿಯ ಅಣ್ಣತಮ್ಮಂದಿರಿಗೆ ಕಿವಿ ಮಂದವೇ ಎಂಬ ಒಂದು ಪ್ರಶ್ನೆ ಕಿಡ್ನಿ, ಕಿವಿ ಎರಡನ್ನೂ ಕೆಡಿಸುವ, ವಂಶದಲ್ಲಿ ಬರುವ ಆಲ್ಪೋರ್ಟ್ ಕಾಯಿಲೆಯ ಬಾಗಿಲು ತೆರೆಯುತ್ತದೆ. ರಕ್ತಸಂಬಂಧದಲ್ಲಿ ಮದುವೆಯಾಗಿದ್ದರೆ ಅದನ್ನೂ ಬರೆಯಿರಿ. ಸೋದರಮಾವ, ಅತ್ತೆಮಗಳ ಮದುವೆಗಳು ನಮ್ಮಲ್ಲಿ ಅಪರೂಪವಲ್ಲ, ಅಪ್ಪಅಮ್ಮ ಇಬ್ಬರಿಂದಲೂ ಒಂದೊಂದು ದೋಷ ಬಂದು ಕೂಡುವ ಕಾಯಿಲೆಗಳಿಗೆ ಅದು ಮುಖ್ಯ ಸುಳಿವು.

ಸೂಜಿಗೆ ಮೊದಲು

ಪ್ಲೇಟ್‌ಲೆಟ್ ಒಂದು ಲಕ್ಷದ ಮೇಲಿರಬೇಕು, ಹೆಪ್ಪುಗಟ್ಟುವ ಪರೀಕ್ಷೆಗಳು ಸರಿಯಿರಬೇಕು, ರಕ್ತದೊತ್ತಡ ಹಿಡಿತಕ್ಕೆ ಬಂದಿರಬೇಕು. ಏರಿದ ಒತ್ತಡದಲ್ಲಿ ಚುಚ್ಚಿದರೆ ರಕ್ತ ನಿಲ್ಲುವುದಿಲ್ಲ. ಅಲ್ಟ್ರಾಸೌಂಡ್‌ನಲ್ಲಿ ಎರಡೂ ಕಿಡ್ನಿ ಇವೆಯೇ ಎಂದು ನೋಡಿರಬೇಕು. ಆಸ್ಪಿರಿನ್, ಐಬುಪ್ರೊಫೆನ್ ಒಂದು ವಾರ ಮೊದಲೇ ನಿಂತಿರಬೇಕು. ಜ್ವರಕ್ಕೆಂದು ಮನೆಯಲ್ಲಿ ಕೊಟ್ಟ ಸಿರಪ್‌ನಲ್ಲೂ ಐಬುಪ್ರೊಫೆನ್ ಇರಬಹುದು, ಬಾಟಲಿ ತರಿಸಿ ನೋಡುವುದು ಒಳ್ಳೆಯದು.

ಮಗುವಿಗೆ ಮಂಪರಿನ ಔಷಧಿ ಕೊಟ್ಟು ಬೋರಲು ಮಲಗಿಸಿ, ಹೊಟ್ಟೆಯ ಕೆಳಗೆ ಸುತ್ತಿದ ಟವೆಲ್ ಇಟ್ಟು, ಅಲ್ಟ್ರಾಸೌಂಡ್ ನೋಡುತ್ತ ಸಾಮಾನ್ಯವಾಗಿ ಎಡ ಕಿಡ್ನಿಯ ಕೆಳತುದಿಗೆ ಸೂಜಿ ಹಾಕುತ್ತಾರೆ. ಚಿಕ್ಕ ಮಕ್ಕಳಿಗೆ 18 ಗೇಜ್, ದೊಡ್ಡವರಿಗೆ 16 ಗೇಜ್ ಆಟೊಮ್ಯಾಟಿಕ್ ಸೂಜಿ. ಎರಡು ಎಳೆ ಬೇಕು. ಸೂಜಿ ಆಳಕ್ಕೆ ಹೋಗಿ ಬರೀ ಒಳಭಾಗ, ಅಂದರೆ ಮೆಡುಲ್ಲ ಬಂದರೆ ರಕ್ತ ಸೋಸುವ ಪುಟ್ಟ ನಾಳಗುಚ್ಛವಾದ ಗ್ಲಾಮೆರುಲಸ್ ಒಂದೂ ಸಿಗುವುದಿಲ್ಲ. ಹಾಗಾಗಿ ಮೊದಲ ಎಳೆ ಬಂದ ಕೂಡಲೇ ಪಕ್ಕದಲ್ಲೇ ಅದನ್ನು ಹಿಗ್ಗಿಸಿ ನೋಡುವವರೊಬ್ಬರು ಇರಬೇಕು. ಮಗು ಇನ್ನೂ ಮಂಪರಿನಲ್ಲಿರುವಾಗ ಇನ್ನೊಂದು ಎಳೆ ಕೇಳುವುದು ಸುಲಭ. ಮೂರು ದಿನ ಬಿಟ್ಟು ‘ಸಾಲದು’ ಎಂದು ವರದಿ ಕೊಟ್ಟರೆ ಮಗುವಿಗೆ ಎಲ್ಲವೂ ಮತ್ತೊಮ್ಮೆ.

ಮೊದಲ ಹತ್ತು ನಿಮಿಷ

ಮಗು ಟೇಬಲ್ ಮೇಲೆ ಬರುವ ಮೊದಲೇ ಮೂರು ಬಾಟಲಿ ಸಿದ್ಧವಿರಲಿ. ಮುಚ್ಚಳದ ಮೇಲಲ್ಲ, ಬಾಟಲಿಯ ಮೈ ಮೇಲೆ ಹೆಸರು, ನಂಬರ್, ದ್ರಾವಣದ ಹೆಸರು ಬರೆದಿರಲಿ. ಮುಚ್ಚಳಗಳು ಅದಲುಬದಲಾಗುತ್ತವೆ.

1. ಶೇ 10 ನ್ಯೂಟ್ರಲ್ ಬಫರ್ಡ್ ಫಾರ್ಮಲಿನ್: ಬೆಳಕಿನ ಮೈಕ್ರೊಸ್ಕೋಪಿಗೆ. ತುಣುಕಿನ ಇಪ್ಪತ್ತು ಪಟ್ಟು ದ್ರಾವಣ ಇರಬೇಕು.
2. ಮೈಕೆಲ್ಸ್ ದ್ರಾವಣ: ಇಮ್ಯುನೊಫ್ಲೋರೆಸೆನ್ಸ್‌ಗೆ. ಇದು ಅಮೋನಿಯಂ ಸಲ್ಫೇಟ್ ಇರುವ ಸಾಗಣೆ ದ್ರಾವಣ, ಪಿಎಚ್ 7.0ರಿಂದ 7.2. ಇದರಲ್ಲಿಟ್ಟ ತುಣುಕು ಕೋಣೆಯ ತಾಪದಲ್ಲೇ ನಾಲ್ಕೈದು ದಿನ ಕೆಡದೆ ಇರುತ್ತದೆ. ರಾಯಚೂರಿನಿಂದಲೋ ಶಿವಮೊಗ್ಗದಿಂದಲೋ ಬೆಂಗಳೂರಿಗೆ ಕೊರಿಯರ್ ಹಾಕುವವರಿಗೆ ಇದೇ ಆಧಾರ.
3. ಶೇ 2.5ರಿಂದ 3 ಗ್ಲುಟರಾಲ್ಡಿಹೈಡ್: ಎಲೆಕ್ಟ್ರಾನ್ ಮೈಕ್ರೊಸ್ಕೋಪಿಗೆ. ಫ್ರಿಜ್‌ನಿಂದ ತೆಗೆದದ್ದು, ತಿಳಿಯಾಗಿರುವುದು. ಹಳದಿ ತಿರುಗಿದ್ದರೆ ಚೆಲ್ಲಿ.

ಜೊತೆಗೆ ಗಾಜಿನ ತಟ್ಟೆ ಅಥವಾ ಮೇಣ ಹಾಸಿದ ತಟ್ಟೆ, ಹೊಸ ಬ್ಲೇಡ್ ಎರಡು, ಹಲ್ಲು ಚುಚ್ಚುವ ಮರದ ಕಡ್ಡಿ ಕೆಲವು, ನಾರ್ಮಲ್ ಸಲೈನ್. ಎಳೆಯನ್ನು ಎತ್ತಲು ಫೋರ್ಸೆಪ್ಸ್ ಬೇಡ. ಅದರಿಂದ ಒತ್ತಿದ ಜಾಗದಲ್ಲಿ ಜೀವಕೋಶಗಳು ಹಿಂಡಿಹೋಗುತ್ತವೆ. ಮೂತ್ರ ಸಾಗುವ ಸಣ್ಣ ನಳಿಕೆ, ಅಂದರೆ ಟ್ಯೂಬ್ಯೂಲ್‌ನ ಚೂರುಗಳು ಗ್ಲಾಮೆರುಲಸ್‌ನ ಚೀಲದೊಳಕ್ಕೆ ತಳ್ಳಲ್ಪಟ್ಟು, ಇಲ್ಲದ ಕಾಯಿಲೆಯೊಂದನ್ನು ತೋರಿಸುತ್ತವೆ. ಒಣ ಹತ್ತಿಬಟ್ಟೆಯ ಮೇಲೂ ಇಡಬೇಡಿ, ಅದು ತುಣುಕಿನ ನೀರು ಹೀರುತ್ತದೆ, ನೂಲು ಅಂಟುತ್ತದೆ. ಸಲೈನ್ ಹನಿ ಒದ್ದೆಗೆ ಮಾತ್ರ. ಸಲೈನ್ ಬಾಟಲಿಯಲ್ಲಿ ಎಳೆ ಹಾಕಿ ಚಹಾ ಕುಡಿದು ಬರುವಷ್ಟು ಹೊತ್ತು ಬಿಟ್ಟರೆ ಕೋಶಗಳು ಉಬ್ಬುತ್ತವೆ, ಎಲೆಕ್ಟ್ರಾನ್ ಚಿತ್ರ ಹಾಳಾಗುತ್ತದೆ.

ಈಗ ಎಳೆಯನ್ನು ಸ್ಟೀರಿಯೊ ಮೈಕ್ರೊಸ್ಕೋಪಿನ ಕೆಳಗೆ ಇಡಿ. ಅದಿಲ್ಲದಿದ್ದರೆ ಮಾಮೂಲಿ ಮೈಕ್ರೊಸ್ಕೋಪಿನ ಕೆಳ ಲೆನ್ಸ್, ಅದೂ ಇಲ್ಲದಿದ್ದರೆ ಒಳ್ಳೆಯ ಭೂತಗನ್ನಡಿ. ಕಿಡ್ನಿಯ ಹೊರಭಾಗ, ಅಂದರೆ ಕಾರ್ಟೆಕ್ಸ್, ಮಸುಕು ಕಂದು ಬಣ್ಣಕ್ಕಿದ್ದು ಅದರೊಳಗೆ ಕೆಂಪು ಚುಕ್ಕೆಗಳು ಸ್ವಲ್ಪ ಉಬ್ಬಿಕೊಂಡು ಕಾಣುತ್ತವೆ. ಅವೇ ಗ್ಲಾಮೆರುಲಸ್‌ಗಳು. ಒಂದೊಂದೂ ಗಸಗಸೆ ಕಾಳಿನ ಕಾಲುಭಾಗದಷ್ಟೂ ಇಲ್ಲ. ಮೆಡುಲ್ಲದಲ್ಲಿ ಚುಕ್ಕೆ ಇರುವುದಿಲ್ಲ, ಉದ್ದಕ್ಕೆ ಎಳೆದ ಕೆಂಪು ಗೆರೆಗಳಷ್ಟೇ. ರಕ್ತಹೀನತೆ ಇರುವ ಮಗುವಿನಲ್ಲಿ ಚುಕ್ಕೆಗಳೂ ಬಿಳಚಿಕೊಂಡಿರುತ್ತವೆ. ಆಗ ಬೆಳಕನ್ನು ಓರೆಯಾಗಿ ಬಿಟ್ಟರೆ ಉಬ್ಬು ಕಾಣುತ್ತದೆ. ಎಳೆ ಕಿಡ್ನಿಯದ್ದೇ ಹೌದೇ ಎಂಬ ಅನುಮಾನ ಬಂದರೆ ಸಲೈನ್‌ಗೆ ಹಾಕಿ ನೋಡಿ: ಕೊಬ್ಬು ತೇಲುತ್ತದೆ, ಕಿಡ್ನಿ ಮುಳುಗುತ್ತದೆ. ಮಾಂಸಖಂಡ ಬಂದಿದ್ದರೆ ಕಡ್ಡಿ ತಾಗಿಸಿದಾಗ ನಾರು ನಾರಾಗಿ ಬಿಚ್ಚುತ್ತದೆ.

ಪಾಲು ಹಾಕುವ ಕ್ರಮ ಹೀಗೆ. ಎರಡೂ ಎಳೆಗಳ ಎರಡೂ ತುದಿಯಿಂದ ಒಂದೊಂದು ಮಿಲಿಮೀಟರ್ ಕತ್ತರಿಸಿ, ಆ ನಾಲ್ಕು ಚೂರನ್ನು ಗ್ಲುಟರಾಲ್ಡಿಹೈಡ್‌ಗೆ ಹಾಕಿ. ಎಳೆಯ ಯಾವ ತುದಿ ಹೊರಭಾಗದ್ದು ಎಂದು ಕೆಲವೊಮ್ಮೆ ಗೊತ್ತಾಗುವುದಿಲ್ಲ. ಎರಡೂ ತುದಿ ತೆಗೆದುಕೊಂಡರೆ ಒಂದರಲ್ಲಾದರೂ ಕಾರ್ಟೆಕ್ಸ್ ಇರುತ್ತದೆ. ಒಂದು ಮಿಲಿಮೀಟರ್‌ಗಿಂತ ದೊಡ್ಡ ಚೂರು ಹಾಕಬಾರದು, ಗ್ಲುಟರಾಲ್ಡಿಹೈಡ್ ಒಳಗೆ ಇಳಿಯುವುದು ಬಹಳ ನಿಧಾನ, ನಡುಭಾಗ ಕೊಳೆಯುತ್ತದೆ. ಆಮೇಲೆ ಒಂದು ಎಳೆಯಿಂದ ಕೆಂಪು ಚುಕ್ಕೆ ಇರುವ ಮೂರು ನಾಲ್ಕು ಮಿಲಿಮೀಟರ್ ಮೈಕೆಲ್ಸ್‌ಗೆ. ಉಳಿದದ್ದೆಲ್ಲ ಫಾರ್ಮಲಿನ್‌ಗೆ.

ಇಲ್ಲಿ ಒಂದೇ ಒಂದು ತಪ್ಪು ಎಲ್ಲವನ್ನೂ ತಲೆಕೆಳಗು ಮಾಡಬಲ್ಲದು. ಫಾರ್ಮಲಿನ್ ತಾಗಿದ ಬ್ಲೇಡೋ ಕಡ್ಡಿಯೋ ಮೈಕೆಲ್ಸ್ ತುಣುಕಿಗೆ ತಾಗಿದರೆ, ಫಾರ್ಮಲಿನ್ ಅಲ್ಲಿನ ಪ್ರೋಟೀನ್‌ಗಳನ್ನು ಒಂದಕ್ಕೊಂದು ಹೆಣೆದುಬಿಡುತ್ತದೆ. ಆಮೇಲೆ ಹಾಕುವ ಆಂಟಿಬಾಡಿ ತನ್ನ ಗುರಿಯನ್ನು ಹಿಡಿಯಲಾರದು. ಸ್ಲೈಡ್ ಕಪ್ಪಾಗಿ ಕಾಣುತ್ತದೆ, ಐಜಿಎ ಎಂಬ ಆಂಟಿಬಾಡಿ ಕಿಡ್ನಿಯಲ್ಲಿ ಕೂತಿರುವ ಮಗುವಿಗೆ ‘ಐಜಿಎ ಇಲ್ಲ’ ಎಂದು ಬರೆಯಬೇಕಾಗುತ್ತದೆ. ಆದ್ದರಿಂದ ಮೈಕೆಲ್ಸ್ ತುಣುಕನ್ನು ಬೇರೆ ಬ್ಲೇಡಿನಲ್ಲಿ ಕತ್ತರಿಸಿ ಬೇರೆ ಕಡ್ಡಿಯಿಂದ ಹಾಕಿ, ಆ ಬಾಟಲಿ ಮುಚ್ಚಿ, ಆಮೇಲೆ ಫಾರ್ಮಲಿನ್ ಬಾಟಲಿ ತೆರೆಯಿರಿ.

ಸಿಕ್ಕಿದ್ದು ಒಂದೇ ಸಣ್ಣ ಎಳೆಯಾದರೆ ಪ್ರಶ್ನೆ ಯಾವುದು ಎಂದು ಕೇಳಿಕೊಳ್ಳಿ. ಸ್ಟೀರಾಯ್ಡ್‌ಗೆ ಬಗ್ಗದ ನೆಫ್ರೋಟಿಕ್ ಆದರೆ ಫಾರ್ಮಲಿನ್‌ಗೆ ಹೆಚ್ಚು ಪಾಲು, ಅಲ್ಲಿ ಗ್ಲಾಮೆರುಲಸ್ ಎಣಿಕೆಯೇ ಮುಖ್ಯ. ಮನೆಮಂದಿಯಲ್ಲೂ ಮೂತ್ರದಲ್ಲಿ ರಕ್ತವಿದ್ದರೆ ಎಲೆಕ್ಟ್ರಾನ್ ಪಾಲು ಬಿಡಬಾರದು. ಲೂಪಸ್, ಐಜಿಎ ಅನುಮಾನವಿದ್ದರೆ ಮೈಕೆಲ್ಸ್ ಮುಂದೆ. ಫಾರ್ಮಲಿನ್ ತುಣುಕಿನಿಂದಲೂ ಎಲೆಕ್ಟ್ರಾನ್ ನೋಡಲು ಸಾಧ್ಯ, ಚಿತ್ರ ತುಸು ಒರಟಾದರೂ ಕೆಲಸಕ್ಕೆ ಬರುತ್ತದೆ. ಮೈಕೆಲ್ಸ್‌ನಲ್ಲಿ ನೆನೆದ ತುಣುಕು ಮಾತ್ರ ಎಲೆಕ್ಟ್ರಾನ್‌ಗೆ ಚೆನ್ನಾಗಿ ಒಗ್ಗುವುದಿಲ್ಲ.

ಲ್ಯಾಬ್‌ನಲ್ಲಿ: ಎರಡು ಮೈಕ್ರಾನ್‌ನ ಹಟ

ಫಾರ್ಮಲಿನ್ ತುಣುಕನ್ನು ಕ್ಯಾಸೆಟ್‌ನಲ್ಲಿಡುವಾಗ ಸ್ಪಂಜ್ ಬಳಸಬೇಡಿ. ಸ್ಪಂಜಿನ ರಂಧ್ರಗಳು ತುಣುಕಿಗೆ ಒತ್ತಿ ತ್ರಿಕೋನ ಆಕಾರದ ತೂತುಗಳನ್ನು ಬಿಡುತ್ತವೆ. ಲೆನ್ಸ್ ಕಾಗದದಲ್ಲಿ ಮಡಚಿ ಇಟ್ಟರೆ ಸಾಕು. ಮೇಣದ ಬ್ಲಾಕ್ ಮಾಡುವಾಗ ಎಳೆ ನೇರವಾಗಿ, ಒಂದೇ ಮಟ್ಟದಲ್ಲಿ ಮಲಗಿರಬೇಕು. ಡೊಂಕಾಗಿದ್ದರೆ ಒಂದು ತುದಿ ಸಿಗುವ ಹೊತ್ತಿಗೆ ಇನ್ನೊಂದು ತುದಿ ಸವೆದು ಹೋಗಿರುತ್ತದೆ.

ಉಳಿದ ಅಂಗಗಳಿಗೆ ನಾಲ್ಕೈದು ಮೈಕ್ರಾನ್ ದಪ್ಪದ ಪದರ ನಡೆಯುತ್ತದೆ, ಕಿಡ್ನಿಗೆ ನಡೆಯದು. ಎರಡರಿಂದ ಮೂರು ಮೈಕ್ರಾನ್ ಇರಲೇಬೇಕು. ದಪ್ಪ ಪದರದಲ್ಲಿ ಮೇಲಿನ ಕೋಶ ಕೆಳಗಿನ ಕೋಶದ ಮೇಲೆ ಬಿದ್ದು ಗ್ಲಾಮೆರುಲಸ್ ತುಂಬಿಕೊಂಡಂತೆ ಕಾಣುತ್ತದೆ. ಆರೋಗ್ಯದ ಗ್ಲಾಮೆರುಲಸ್‌ಗೂ ‘ಕೋಶಗಳು ಹೆಚ್ಚಾಗಿವೆ’ ಎಂಬ ಹಣೆಪಟ್ಟಿ ಬೀಳುತ್ತದೆ. ಐದು ಮೈಕ್ರಾನ್ ಸ್ಲೈಡ್ ಮೇಲೆ ಮಿನಿಮಲ್ ಚೇಂಜ್ ಕಾಯಿಲೆಯನ್ನು ಇನ್ನೇನೋ ಎಂದು ಓದುವುದು ಬಹಳ ಸುಲಭ.

ಸ್ಲೈಡ್‌ಗಳಿಗೆ ಕತ್ತರಿಸಿದ ಕ್ರಮದಲ್ಲೇ ನಂಬರ್ ಕೊಡಿ, ನಡುನಡುವೆ ಕೆಲವನ್ನು ಬಣ್ಣ ಹಾಕದೆ ಇಟ್ಟುಕೊಳ್ಳಿ. ಬಣ್ಣಗಳು ನಾಲ್ಕು. ಎಚ್ ಅಂಡ್ ಇ ಕೋಶಗಳನ್ನು, ಬಂದು ಸೇರಿದ ಬಿಳಿ ರಕ್ತಕಣಗಳನ್ನು ತೋರಿಸುತ್ತದೆ. ಪಿಎಎಸ್ ಪೊರೆಗಳನ್ನೂ ಮೆಸಾಂಜಿಯಂ ಎಂಬ ನಡುಹಂದರವನ್ನೂ ಗಾಢ ಗುಲಾಬಿ ಮಾಡುತ್ತದೆ. ಮಕ್ಕಳ ಬಯಾಪ್ಸಿಯಲ್ಲಿ ಹೆಚ್ಚು ಹೊತ್ತು ನೋಡುವುದು ಇದನ್ನೇ. ಜೋನ್ಸ್ ಸಿಲ್ವರ್ ಪೊರೆಯನ್ನು ಕಪ್ಪು ಗೆರೆಯಾಗಿ ಬಿಡಿಸಿ, ಎರಡು ಗೆರೆಯಾಗಿದೆಯೇ, ಮುಳ್ಳು ಎದ್ದಿದೆಯೇ ಎಂದು ತೋರಿಸುತ್ತದೆ. ಟ್ರೈಕ್ರೋಮ್ ಗಾಯದ ನಾರನ್ನು ನೀಲಿ ಮಾಡುತ್ತದೆ. ಸಿಲ್ವರ್ ಬಣ್ಣ ಟೆಕ್ನೀಶಿಯನ್‌ಗಳ ತಾಳ್ಮೆಯ ಪರೀಕ್ಷೆ: ಗಾಜಿನ ಪಾತ್ರೆ ಸ್ವಲ್ಪ ಕೊಳೆಯಿದ್ದರೂ ಎಲ್ಲೆಂದರಲ್ಲಿ ಕಪ್ಪು ಪುಡಿ ಕೂರುತ್ತದೆ. ಬಿಸಿ ನೀರಿನಲ್ಲಿಟ್ಟ ಸ್ಲೈಡನ್ನು ಪದೇ ಪದೇ ತೆಗೆದು ಮೈಕ್ರೊಸ್ಕೋಪಿನಲ್ಲಿ ನೋಡದೆ ಗಡಿಯಾರ ನಂಬಿದರೆ ಕೈಕೊಡುತ್ತದೆ.

ಇಮ್ಯುನೊಫ್ಲೋರೆಸೆನ್ಸ್

ಮೈಕೆಲ್ಸ್‌ನಿಂದ ತೆಗೆದ ತುಣುಕನ್ನು ಬಫರ್‌ನಲ್ಲಿ ಹತ್ತತ್ತು ನಿಮಿಷದಂತೆ ಮೂರು ಸಲ ತೊಳೆಯಿರಿ. ಉಪ್ಪು ಉಳಿದರೆ ಆಂಟಿಬಾಡಿ ಸರಿಯಾಗಿ ಅಂಟದು. ಆಮೇಲೆ ತಟ್ಟನೆ ಹೆಪ್ಪುಗಟ್ಟಿಸಿ. ನಿಧಾನಕ್ಕೆ ಹೆಪ್ಪುಗಟ್ಟಿದರೆ ಒಳಗಿನ ನೀರು ಐಸ್ ಹರಳಾಗಿ ತುಣುಕೆಲ್ಲ ಜರಡಿಯಂತಾಗುತ್ತದೆ. ಕ್ರಯೊಸ್ಟಾಟ್‌ನಲ್ಲಿ ಮೂರು ನಾಲ್ಕು ಮೈಕ್ರಾನ್ ಪದರ ತೆಗೆದು, ಹೊಳೆಯುವ ಬಣ್ಣ ಕಟ್ಟಿದ ಆಂಟಿಬಾಡಿಗಳನ್ನು ಒಂದೊಂದು ಸ್ಲೈಡ್‌ಗೆ ಒಂದೊಂದರಂತೆ ಹಾಕುತ್ತಾರೆ: ಐಜಿಜಿ, ಐಜಿಎ, ಐಜಿಎಂ, ಸಿ3, ಸಿ1ಕ್ಯೂ, ಕಪ್ಪಾ, ಲ್ಯಾಂಬ್ಡಾ, ಫೈಬ್ರಿನೋಜೆನ್. ಹೊಳಪನ್ನು ಸೊನ್ನೆಯಿಂದ ಮೂರು ಪ್ಲಸ್‌ವರೆಗೆ ಅಳೆಯುತ್ತಾರೆ. ಎಷ್ಟು ಹೊಳೆಯಿತು ಎಂಬುದಕ್ಕಿಂತ ಎಲ್ಲಿ, ಹೇಗೆ ಹೊಳೆಯಿತು ಎನ್ನುವುದನ್ನು ಬರೆಯಿರಿ. ನಡುಹಂದರದಲ್ಲೋ ಪೊರೆಯ ಉದ್ದಕ್ಕೋ, ಗೆರೆಯಂತೆಯೋ ಹರಳು ಹರಳಾಗಿಯೋ.

ಸ್ಲೈಡ್ ಪೂರ್ತಿ ಕಪ್ಪಾಗಿದ್ದರೆ ‘ನೆಗೆಟಿವ್’ ಎಂದು ಬರೆಯುವ ಮೊದಲು ಟ್ಯೂಬ್ಯೂಲ್‌ಗಳ ಒಳಗೆ ಹೆಪ್ಪುಗಟ್ಟಿರುವ ಪ್ರೋಟೀನ್ ಕಡ್ಡಿ, ಅಂದರೆ ಕಾಸ್ಟ್‌ಗಳನ್ನು ನೋಡಿ. ಅವು ಐಜಿಎ, ಕಪ್ಪಾ, ಲ್ಯಾಂಬ್ಡಾಗಳಿಗೆ ಹೊಳೆಯಬೇಕು. ಅವೂ ಹೊಳೆಯದಿದ್ದರೆ ತಪ್ಪಿದ್ದು ಪರೀಕ್ಷೆ, ಮಗು ಅಲ್ಲ. ತುಣುಕಿನಲ್ಲಿ ಗ್ಲಾಮೆರುಲಸ್ ಇಲ್ಲವೇ ಇಲ್ಲದಿದ್ದರೆ ಮೇಣದ ಬ್ಲಾಕಿನಿಂದ ಪದರ ತೆಗೆದು ಪ್ರೊನೇಸ್ ಕಿಣ್ವದಿಂದ ಜೀರ್ಣಿಸಿ ಮತ್ತೆ ಪ್ರಯತ್ನಿಸಬಹುದು. ಈ ದಾರಿಯಲ್ಲಿ ಐಜಿಎ ಚೆನ್ನಾಗಿ ಸಿಗುತ್ತದೆ, ಸಿ3 ಅಷ್ಟಾಗಿ ಸಿಗುವುದಿಲ್ಲ. ಸ್ಲೈಡ್‌ಗಳ ಹೊಳಪು ದಿನ ಕಳೆದಂತೆ ಆರುತ್ತದೆ, ಆದ್ದರಿಂದ ಓದಿದ ದಿನವೇ ಫೋಟೊ ತೆಗೆಯಿರಿ.

ಎಲೆಕ್ಟ್ರಾನ್ ಮೈಕ್ರೊಸ್ಕೋಪಿ

ಗ್ಲುಟರಾಲ್ಡಿಹೈಡ್ ತುಣುಕು ಆಸ್ಮಿಯಂನಲ್ಲಿ ಮಿಂದು, ರೆಸಿನ್‌ನಲ್ಲಿ ಗಟ್ಟಿಯಾಗಿ, ಮೊದಲು ಒಂದು ಮೈಕ್ರಾನ್ ಪದರವಾಗುತ್ತದೆ. ಟೊಲುಡಿನ್ ಬ್ಲೂ ಹಾಕಿ ಅದರಲ್ಲಿ ಒಳ್ಳೆಯ ಗ್ಲಾಮೆರುಲಸ್ ಆರಿಸಿ, ಆ ಜಾಗದಿಂದ 60ರಿಂದ 90 ನ್ಯಾನೊಮೀಟರ್ ದಪ್ಪದ ಪದರ ತೆಗೆಯುತ್ತಾರೆ. ಪೂರ್ತಿ ಗಾಯವಾಗಿ ಮುಚ್ಚಿಹೋದ ಗ್ಲಾಮೆರುಲಸ್ ಆರಿಸಬಾರದು. ಅಲ್ಲಿ ಸೋಸುವ ಪೊರೆಯನ್ನು ಹೊರಗಿನಿಂದ ಹಿಡಿದಿರುವ ಪೊಡೊಸೈಟ್ ಕೋಶಗಳ ಪಾದಗಳು ಯಾವ ಕಾಯಿಲೆಯಲ್ಲೂ ಚಪ್ಪಟೆಯೇ.

ಆರೋಗ್ಯದಲ್ಲಿ ಪೊಡೊಸೈಟ್‌ಗಳ ಪಾದಗಳು ಎರಡು ಕೈಗಳ ಬೆರಳು ಹೆಣೆದ ಹಾಗೆ ಒಂದರ ನಡುವೆ ಒಂದು ನಿಂತಿರುತ್ತವೆ. ಮಿನಿಮಲ್ ಚೇಂಜ್‌ನಲ್ಲಿ ಅವು ಹಂಚಿನ ಮೇಲೆ ಹರಡಿದ ದೋಸೆ ಹಿಟ್ಟಿನಂತೆ ಚಪ್ಪಟೆಯಾಗಿ ಒಂದಾಗುತ್ತವೆ. ಬೆಳಕಿನ ಮೈಕ್ರೊಸ್ಕೋಪಿನಲ್ಲಿ ಏನೂ ಕಾಣದ ಕಾಯಿಲೆ ಇಲ್ಲಿ ಎದ್ದು ಕಾಣುತ್ತದೆ. ಸೋಂಕಿನ ನಂತರದ ನೆಫ್ರೈಟಿಸ್‌ನಲ್ಲಿ ಪೊರೆಯ ಹೊರಬದಿಗೆ ಒಂಟೆ ಡುಬ್ಬದಂಥ ಕಪ್ಪು ಗುಡ್ಡೆಗಳು ಕೂತಿರುತ್ತವೆ.

ಪೊರೆಯ ದಪ್ಪ ಅಳೆಯುವಾಗ ಮಗುವಿನ ವಯಸ್ಸು ಪಕ್ಕದಲ್ಲಿರಲಿ. ವಯಸ್ಕರಲ್ಲಿ ಅದು 300 ನ್ಯಾನೊಮೀಟರ್‌ಗೂ ಹೆಚ್ಚು. ಹುಟ್ಟಿದ ಕೂಸಿನಲ್ಲಿ ಅದರ ಅರ್ಧದಷ್ಟು, ಬೆಳೆದಂತೆ ದಪ್ಪವಾಗುತ್ತದೆ. ವಯಸ್ಕರಲ್ಲಿ 250ಕ್ಕಿಂತ ಕಡಿಮೆ, ಎರಡರಿಂದ ಹನ್ನೊಂದು ವರ್ಷದವರಲ್ಲಿ 180ಕ್ಕಿಂತ ಕಡಿಮೆ ಇದ್ದರೆ ತೆಳು ಪೊರೆ ಎನ್ನುವುದು ರೂಢಿ. ಐದು ವರ್ಷದ ಮಗುವಿನ ಸಹಜ ಪೊರೆಯನ್ನು ದೊಡ್ಡವರ ಅಳತೆಗೋಲಿನಲ್ಲಿ ಅಳೆದು ‘ತೆಳು’ ಎನ್ನುವುದು ಸುಲಭವಾಗಿ ಆಗುವ ತಪ್ಪು. ಇನ್ನೊಂದು ಬದಿಯ ತಪ್ಪೂ ಇದೆ: ಆಲ್ಪೋರ್ಟ್ ಕಾಯಿಲೆಯ ಬುಟ್ಟಿ ಹೆಣೆದಂಥ ಪದರಗಳು ಚಿಕ್ಕ ವಯಸ್ಸಿನಲ್ಲಿ ಇನ್ನೂ ಮೂಡಿರುವುದಿಲ್ಲ, ಬರೀ ತೆಳು ಪೊರೆ ಮಾತ್ರ ಕಾಣುತ್ತದೆ. ‘ತೆಳು ಪೊರೆ, ಚಿಂತೆಯಿಲ್ಲ’ ಎಂದು ಮುಗಿಸುವ ಮೊದಲು ಟೈಪ್ 4 ಕೊಲಾಜೆನ್‌ನ ಆಲ್ಫಾ–5 ಬಣ್ಣ ಹಾಕಿಸಿ, ಅಥವಾ ಜೀನ್ ಪರೀಕ್ಷೆಗೆ ಕಳಿಸಿ. ಎಕ್ಸ್ ಕ್ರೋಮೊಸೋಮ್ ಮೂಲಕ ಬರುವ ಬಗೆಯಲ್ಲಿ ಹುಡುಗರ ಪೊರೆಯಲ್ಲಿ ಈ ಬಣ್ಣ ಸಾಮಾನ್ಯವಾಗಿ ಪೂರ್ತಿ ಮಾಯವಾಗಿರುತ್ತದೆ, ಹುಡುಗಿಯರಲ್ಲಿ ಅಲ್ಲಲ್ಲಿ ಕಡಿದ ಗೆರೆಯಾಗಿ ಕಾಣುತ್ತದೆ.

ಸ್ಲೈಡ್ ಓದುವ ಕ್ರಮ

ಮೊದಲು ಕೆಳ ಲೆನ್ಸ್. ಕಾರ್ಟೆಕ್ಸ್ ಎಷ್ಟು, ಮೆಡುಲ್ಲ ಎಷ್ಟು, ಗ್ಲಾಮೆರುಲಸ್ ಒಟ್ಟು ಎಷ್ಟು, ಪೂರ್ತಿ ಮುಚ್ಚಿದವು ಎಷ್ಟು. ಎಣಿಕೆ ಏಕೆ ಮುಖ್ಯ ಎನ್ನುವುದಕ್ಕೆ ಒಂದು ಲೆಕ್ಕ: ಕೆಲವೇ ಗ್ಲಾಮೆರುಲಸ್‌ಗಳ ಒಂದು ಭಾಗ ಗಾಯಗಟ್ಟುವ ಎಫ್‌ಎಸ್‌ಜಿಎಸ್ ಕಾಯಿಲೆ ಹತ್ತರಲ್ಲಿ ಒಂದು ಗ್ಲಾಮೆರುಲಸ್‌ಗೆ ತಾಗಿದೆ ಎನ್ನಿ. ಹತ್ತು ಗ್ಲಾಮೆರುಲಸ್ ಇರುವ ಬಯಾಪ್ಸಿಯಲ್ಲಿ ಅದು ಕಣ್ತಪ್ಪುವ ಸಾಧ್ಯತೆ ಶೇ 35. ಇಪ್ಪತ್ತಿದ್ದರೆ ಶೇ 12, ಇಪ್ಪತ್ತೈದಿದ್ದರೆ ಶೇ 7. ಆದ್ದರಿಂದ ಎಂಟು ಗ್ಲಾಮೆರುಲಸ್ ನೋಡಿ ‘ಮಿನಿಮಲ್ ಚೇಂಜ್’ ಎಂದು ಬರೆದ ವರದಿಯ ತೂಕವೇ ಬೇರೆ, ಮೂವತ್ತು ನೋಡಿ ಬರೆದದ್ದರ ತೂಕವೇ ಬೇರೆ. ಅದೇ ಪೊರೆ ದಪ್ಪವಾಗುವ ಮೆಂಬ್ರೇನಸ್ ಕಾಯಿಲೆಗೆ ಒಂದೇ ಗ್ಲಾಮೆರುಲಸ್ ಸಾಕು, ಅದು ಯಾವುದನ್ನೂ ಬಿಡುವುದಿಲ್ಲ.

ಆಮೇಲೆ ಪಿಎಎಸ್ ಸ್ಲೈಡ್‌ನಲ್ಲಿ ಒಂದೊಂದೇ ಗ್ಲಾಮೆರುಲಸ್ ಹತ್ತಿರದಿಂದ. ರಕ್ತನಾಳ ಒಳಬರುವ ಕಡೆಯಿಂದ ಶುರುಮಾಡಿ ಪ್ರದಕ್ಷಿಣೆ ಹಾಕಿದ ಹಾಗೆ ಸುತ್ತು ಬನ್ನಿ. ಹೊರಚೀಲಕ್ಕೆ ಎಲ್ಲಾದರೂ ಅಂಟಿಕೊಂಡಿದೆಯೇ? ಚೀಲದ ಜಾಗ ಖಾಲಿಯಿದೆಯೇ, ಕೋಶಗಳು ಚಂದ್ರಾಕಾರದಲ್ಲಿ ತುಂಬಿವೆಯೇ? ಕ್ಯಾಪಿಲ್ಲರಿಗಳ ಬಾಯಿ ತೆರೆದಿದೆಯೇ, ಬಿಳಿಕಣ ತುಂಬಿ ಮುಚ್ಚಿದೆಯೇ? ಗೋಡೆ ಒಂದು ಗೆರೆಯೋ ಎರಡೋ? ಕೊನೆಗೆ ಮೆಸಾಂಜಿಯಂ: ಬುಡದ ಕಾಂಡ ಬಿಟ್ಟು ಹೊರಗಿನ ಒಂದು ಹಂದರದಲ್ಲಿ ನ್ಯೂಕ್ಲಿಯಸ್ ಎಣಿಸಿ. ಮೂರರವರೆಗೆ ಸಹಜ, ನಾಲ್ಕಾದರೆ ಹೆಚ್ಚು. ಪ್ರಾಕ್ಸಿಮಲ್ ಟ್ಯೂಬ್ಯೂಲ್ ಬಾಯಿಯ ಬಳಿ ಬಿಡದೆ ನೋಡಿ, ಎಫ್‌ಎಸ್‌ಜಿಎಸ್‌ನ ‘ಟಿಪ್’ ಬಗೆ ಅಲ್ಲಿ ಅಡಗಿರುತ್ತದೆ.

ಗ್ಲಾಮೆರುಲಸ್ ಎಲ್ಲ ಚೆನ್ನಾಗಿದ್ದು, ಒಂದು ಮೂಲೆಯಲ್ಲಿ ಮಾತ್ರ ಟ್ಯೂಬ್ಯೂಲ್‌ಗಳು ಕುಗ್ಗಿ ಸುತ್ತ ನಾರು ಕಟ್ಟಿದ್ದರೆ ನಿಲ್ಲಿ. ಮಕ್ಕಳ ಕಿಡ್ನಿಯಲ್ಲಿ ಟ್ಯೂಬ್ಯೂಲ್‌ಗಳು ಬೆನ್ನಿಗೆ ಬೆನ್ನು ತಾಗಿಸಿ ಕೂತಿರುತ್ತವೆ, ಕಾರಣವಿಲ್ಲದೆ ಕುಗ್ಗುವುದಿಲ್ಲ. ಅವುಗಳ ಯಜಮಾನ ಗ್ಲಾಮೆರುಲಸ್ ಅಲ್ಲೇ ಎಲ್ಲೋ ಗಾಯವಾಗಿ ಬಿದ್ದಿದೆ. ಬ್ಲಾಕನ್ನು ಇನ್ನೂ ಆಳಕ್ಕೆ ಕತ್ತರಿಸಿ. ಎಫ್‌ಎಸ್‌ಜಿಎಸ್ ಮೊದಲು ಹತ್ತುವುದು ಮೆಡುಲ್ಲದ ಗಡಿಯ ಗ್ಲಾಮೆರುಲಸ್‌ಗಳಿಗೆ. ಮೇಲಿನ ಪದರಗಳನ್ನಷ್ಟೇ ಕೆರೆದು ಬಂದ ಎಳೆಯಲ್ಲಿ ಅವು ಸಿಗದೇ ಇರಬಹುದು.

ಕೂಸುಗಳ ಸ್ಲೈಡ್ ಬೇರೆಯದೇ ಲೋಕ. ಹುಟ್ಟಿದಾಗ ಗ್ಲಾಮೆರುಲಸ್ ಸುಮಾರು 110 ಮೈಕ್ರಾನ್, ಹದಿನೈದರ ಹೊತ್ತಿಗೆ 170ರ ಹತ್ತಿರ. ಕೂಸಿನಲ್ಲಿ ಪೊಡೊಸೈಟ್‌ಗಳು ಹೊರಗೆ ಕಿರೀಟದಂತೆ ಒತ್ತಾಗಿ ಕೂತಿರುತ್ತವೆ. ಅದನ್ನು ಕಾಯಿಲೆಯ ಕೋಶವೃದ್ಧಿ ಎಂದು ಓದಬೇಡಿ. ವಯಸ್ಸಿಗೆ ಮೀರಿ ದೊಡ್ಡದಾದ ಗ್ಲಾಮೆರುಲಸ್ ಮಾತ್ರ ನಿಜವಾದ ಸುಳಿವು: ಕೆಲಸ ಮಾಡುವವು ಕಡಿಮೆಯಾಗಿ ಉಳಿದವು ಹೊರೆ ಹೊರುತ್ತಿವೆ.

ಮಗುವಿಗೆ ಕಲ್ಲಿನ ಇತಿಹಾಸ ಇದ್ದರೆ, ಅಥವಾ ಕಾರಣ ತಿಳಿಯದೆ ಕಿಡ್ನಿ ಕೆಟ್ಟಿದ್ದರೆ, ಪೋಲರೈಸ್ಡ್ ಬೆಳಕಿನಲ್ಲಿ ಒಮ್ಮೆ ನೋಡಿ. ಆಕ್ಸಲೇಟ್ ಹರಳುಗಳು ಕತ್ತಲಲ್ಲಿ ಮಿಂಚುತ್ತವೆ. ಒಂದು ನಿಮಿಷದ ಕೆಲಸ. ಸಿಸ್ಟಿನೋಸಿಸ್ ಎಂಬ ವಂಶದಲ್ಲಿ ಬರುವ ಕಾಯಿಲೆಯ ಹರಳುಗಳು ಹಾಗಲ್ಲ, ನೀರಿನಂಶದ ಫಾರ್ಮಲಿನ್‌ನಲ್ಲಿ ಕರಗಿಹೋಗುತ್ತವೆ. ಆ ಅನುಮಾನವಿದ್ದರೆ ಒಂದು ಚೂರನ್ನು ಆಲ್ಕೊಹಾಲ್‌ನಲ್ಲಿಡಬೇಕೆಂದು ಮೊದಲೇ ತಿಳಿಸಿರಬೇಕು.

ಮೂರನ್ನೂ ಕೂಡಿಸಿ ಓದುವುದು

ಬೆಳಕಿನಲ್ಲಿ ಸಹಜ, ಫ್ಲೋರೆಸೆನ್ಸ್‌ನಲ್ಲಿ ಖಾಲಿ, ಎಲೆಕ್ಟ್ರಾನ್‌ನಲ್ಲಿ ಪಾದಗಳು ಚಪ್ಪಟೆ: ಮಿನಿಮಲ್ ಚೇಂಜ್. ಮೆಸಾಂಜಿಯಂನಲ್ಲಿ ಐಜಿಎ ಎದ್ದು ಹೊಳೆದರೆ ಐಜಿಎ ನೆಫ್ರೋಪತಿ. ಬರ್ಜರ್ ಮತ್ತು ಆಂಗ್ಲೇ 1968ರಲ್ಲಿ ಇದನ್ನು ಗುರುತಿಸಿದ್ದೂ ಫ್ಲೋರೆಸೆನ್ಸ್‌ನಿಂದಲೇ. ಕಾಲುಗಳ ಮೇಲೆ ಕೆಂಪು ಚುಕ್ಕೆ, ಹೊಟ್ಟೆನೋವು ಆಗಿದ್ದ ಮಗುವಿನಲ್ಲಿ ಇದೇ ಚಿತ್ರ ಬಂದರೆ ಅದು ಐಜಿಎ ವಾಸ್ಕ್ಯುಲೈಟಿಸ್‌ನ ನೆಫ್ರೈಟಿಸ್. ಸ್ಲೈಡ್‌ನಿಂದ ಇವೆರಡನ್ನು ಬೇರ್ಪಡಿಸಲಾಗದು, ಫಾರಂನಿಂದ ಆಗುತ್ತದೆ. ಐಜಿಜಿ, ಐಜಿಎ, ಐಜಿಎಂ, ಸಿ3, ಸಿ1ಕ್ಯೂ ಐದೂ ಹೊಳೆದು ‘ಫುಲ್ ಹೌಸ್’ ಆದರೆ ಲೂಪಸ್ ಬಗ್ಗೆ ಯೋಚಿಸಿ, 2003ರ ವರ್ಗೀಕರಣದ ಒಂದರಿಂದ ಆರರಲ್ಲಿ ಯಾವ ವರ್ಗ ಎಂದು ಬರೆಯಿರಿ. ವರ್ಗ ಮೂರು, ನಾಲ್ಕಕ್ಕೆ ಬಲವಾದ ಔಷಧಿ ಬೇಕಾಗುತ್ತದೆ.

ತೊಡಕಿನದು ಸಿ3. ಸಿ3 ಹೊಳಪು ಬೇರೆಲ್ಲಕ್ಕಿಂತ ಎರಡು ಮೆಟ್ಟಿಲು ಹೆಚ್ಚಿದ್ದರೆ ಸಿ3 ಗ್ಲಾಮೆರುಲೋಪತಿ ಎನ್ನಬೇಕೆನಿಸುತ್ತದೆ. ಆದರೆ ಆರುತ್ತಿರುವ ಸೋಂಕಿನ ನೆಫ್ರೈಟಿಸ್‌ನಲ್ಲೂ ಐಜಿಜಿ ಮೊದಲು ಹೋಗಿ ಸಿ3 ಮಾತ್ರ ಉಳಿಯುತ್ತದೆ, ಡುಬ್ಬಗಳು ಎರಡರಲ್ಲೂ ಇರಬಹುದು. ಇಲ್ಲಿ ಒಂದೇ ಸಲಕ್ಕೆ ತೀರ್ಪು ಕೊಡಬೇಡಿ. ಮೂರು ತಿಂಗಳ ಮೇಲೆ ರಕ್ತದ ಸಿ3 ಮತ್ತು ಮೂತ್ರ ನೋಡಿ ನಿರ್ಧರಿಸಬೇಕೆಂದು ವರದಿಯಲ್ಲೇ ಬರೆಯಿರಿ.

ವರದಿ ಕೈಗೆ ಬಂದಾಗ

ಬಯಾಪ್ಸಿ ಆದ ದಿನ ಮಗು ಆರರಿಂದ ಎಂಟು ಗಂಟೆ ಅಂಗಾತ ಮಲಗಿರಬೇಕು. ಪ್ರತಿ ಸಲದ ಮೂತ್ರವನ್ನೂ ಗಾಜಿನ ಲೋಟದಲ್ಲಿ ಹಿಡಿದಿಟ್ಟು ಬಣ್ಣ ಹೋಲಿಸುತ್ತಾರೆ. ಮೊದಲು ಕೆಂಪಗಿದ್ದು ಬರಬರುತ್ತ ತಿಳಿಯಾದರೆ ಸರಿ, ಗಾಢವಾಗುತ್ತ ಹೋದರೆ, ರಕ್ತದ ಗಡ್ಡೆ ಬಂದರೆ, ಸೊಂಟದಲ್ಲಿ ನೋವು ಹೆಚ್ಚಿದರೆ ತಕ್ಷಣ ನರ್ಸ್‌ಗೆ ಹೇಳಿ. ಓಟ, ಸೈಕಲ್, ಜಿಗಿತ ಒಂದೆರಡು ವಾರ ಬೇಡ.

ಬೆಳಕಿನ ಮತ್ತು ಫ್ಲೋರೆಸೆನ್ಸ್ ಉತ್ತರ ಸಾಮಾನ್ಯವಾಗಿ ಎರಡು ಮೂರು ದಿನದಲ್ಲಿ ಬರುತ್ತದೆ. ಚಂದ್ರಾಕಾರದ ಕ್ರೆಸೆಂಟ್ ಅನುಮಾನವಿದ್ದರೆ ಅದೇ ದಿನ ಫೋನಿನಲ್ಲೇ ಹೇಳುವುದುಂಟು. ಎಲೆಕ್ಟ್ರಾನ್ ವರದಿಗೆ ಒಂದರಿಂದ ಮೂರು ವಾರ. ಮೊದಲ ವರದಿಯಲ್ಲಿ ‘ಎಲೆಕ್ಟ್ರಾನ್ ಬಾಕಿ’ ಎಂದಿದ್ದರೆ ಅದು ಮುಗಿದ ವರದಿಯಲ್ಲ. ಆ ಎರಡನೆಯ ಹಾಳೆಯನ್ನು ಕೇಳಿ ಪಡೆಯಿರಿ.

ವರದಿಯಲ್ಲಿ ಮೊದಲು ಗ್ಲಾಮೆರುಲಸ್ ಎಷ್ಟು ನೋಡಿದ್ದಾರೆ ಎಂದು ಹುಡುಕಿ. ಆಮೇಲೆ ‘ಇಂಟರ್‌ಸ್ಟಿಷಿಯಲ್ ಫೈಬ್ರೋಸಿಸ್, ಟ್ಯೂಬ್ಯುಲರ್ ಅಟ್ರೋಫಿ’ ಎಂಬುದರ ಮುಂದಿರುವ ಶೇಕಡ. ಕಾಯಿಲೆಯ ಹೆಸರಿಗಿಂತ ಎಷ್ಟೋ ಸಲ ಈ ಅಂಕಿಯೇ ಕಿಡ್ನಿ ಮುಂದೆ ಎಷ್ಟು ತಾಳಿಕೊಳ್ಳುತ್ತದೆ ಎನ್ನುವುದನ್ನು ಹೇಳುತ್ತದೆ, ಏಕೆಂದರೆ ಉರಿಯೂತ ಔಷಧಿಗೆ ಇಳಿಯುತ್ತದೆ, ಕಟ್ಟಿದ ನಾರು ಇಳಿಯುವುದಿಲ್ಲ. ಐಜಿಎ ವರದಿಯಲ್ಲಿ ಎಂ, ಇ, ಎಸ್, ಟಿ, ಸಿ ಅಕ್ಷರಗಳ ಮುಂದೆ ಸೊನ್ನೆ, ಒಂದು, ಎರಡು ಎಂದಿರುತ್ತದೆ. ಅದು ಆಕ್ಸ್‌ಫರ್ಡ್ ಅಂಕ. ಟಿ ಎದುರಿನ ಅಂಕಿ ನಾರಿನದ್ದು, ಸಿ ಎದುರಿನದ್ದು ಕ್ರೆಸೆಂಟ್‌ನದ್ದು.

ಬೇರೆ ಊರಿನ ಆಸ್ಪತ್ರೆಗೆ ಹೋಗುವಾಗ ವರದಿಯ ಜೆರಾಕ್ಸ್ ಸಾಲದು. ಮೇಣದ ಬ್ಲಾಕ್, ಬಣ್ಣ ಹಾಕಿದ ಸ್ಲೈಡ್‌ಗಳು, ಎಲೆಕ್ಟ್ರಾನ್ ಚಿತ್ರಗಳು ಮೂರನ್ನೂ ಲ್ಯಾಬ್‌ಗೆ ಲಿಖಿತ ಮನವಿ ಕೊಟ್ಟು ಕೇಳಿ. ಫ್ಲೋರೆಸೆನ್ಸ್ ಸ್ಲೈಡ್ ಅಷ್ಟರಲ್ಲಿ ಆರಿಹೋಗಿರುತ್ತದೆ, ಅದರ ಫೋಟೊ ಸಾಕು. ಬ್ಲಾಕನ್ನು ಬಿಸಿಲಿಗೆ, ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಡಬೇಡಿ, ಮೇಣ ಕರಗುತ್ತದೆ.